ಗೇಮ್ ಆಫ್ ಮಾಡಿದ ಮೇಲೆ ತಲೆಯಲ್ಲಿ ಓಡಿದ್ದೇನು: 2025ರ ನನ್ನ ರ‍್ಯಾಂಕ್ ಪಟ್ಟಿ

ಪಟ್ಟಿಯನ್ನು ಮೊದಲೇ ಕೊಟ್ಟುಬಿಡುತ್ತೇನೆ, ಸಸ್ಪೆನ್ಸ್ ಬೇಡ. 2025ರಲ್ಲಿ ನಾನು ಆಡಿದ ವಿಡಿಯೋ ಗೇಮ್‌ಗಳಲ್ಲಿ ಮೊದಲನೆಯದು ಬ್ಲೂ ಪ್ರಿನ್ಸ್. ಎರಡನೆಯದು ವೆಣ್ಬಾ. ಆಮೇಲೆ ಸಿಲ್ಕ್‌ಸಾಂಗ್, ಎಕ್ಸ್‌ಪೆಡಿಷನ್ 33, ಬಲಾಟ್ರೋ, ಪೀಕ್, ಸ್ಪ್ಲಿಟ್ ಫಿಕ್ಷನ್, ಕೊನೆಗೆ ಹೇಡೀಸ್ 2. ಎಂಟು ಗೇಮ್, ಇದೇ ಕ್ರಮ.

ಇದನ್ನು ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದ್ದೇ ತಡ, ‘ತಲೆ ನೆಟ್ಟಗಿದೆಯೇನೋ ನಿಂದು?’ ಎಂದು ಶುರು ಮಾಡಿದರು. ಅವರ ಸಿಟ್ಟಿಗೂ ಅರ್ಥ ಇದೆ. ಡಿಸೆಂಬರ್‌ನಲ್ಲಿ ನಡೆದ ದ ಗೇಮ್ ಅವಾರ್ಡ್ಸ್‌ನಲ್ಲಿ ಎಕ್ಸ್‌ಪೆಡಿಷನ್ 33 ಒಂದೇ ಸಲಕ್ಕೆ ಒಂಬತ್ತು ಪ್ರಶಸ್ತಿ ಬಾಚಿಕೊಂಡಿತು. ಅಲ್ಲಿ ಯಾವ ಗೇಮ್‌ಗೂ ಅಷ್ಟು ಬಂದಿರಲಿಲ್ಲ. ಅದು ನನ್ನ ಪಟ್ಟಿಯಲ್ಲಿ ನಾಲ್ಕನೆಯದು. ಅದರ ಮೇಲೆ ಹೋಗಿ ಕೂತಿರುವ ವೆಣ್ಬಾ 2023ರದ್ದು, ಒಂದು ಸಿನಿಮಾ ನೋಡುವಷ್ಟು ಹೊತ್ತಿನಲ್ಲಿ ಮುಗಿಯುತ್ತದೆ, ಅದರಲ್ಲಿ ನಾವು ಮಾಡುವ ಮುಖ್ಯ ಕೆಲಸ ಅಡುಗೆ. ಹಾಗಾಗಿ ಈ ಕ್ರಮ ಎಲ್ಲಿಂದ ಬಂತು ಅಂತ ಬರೆಯಲೇಬೇಕಾಯಿತು.

ಮೊದಲು ಗಂಟೆ ಲೆಕ್ಕ. ವರ್ಷದ ಕೊನೆಗೆ ಸ್ಟೀಮ್, ಅಂದರೆ ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ, ತಾನೇ ಒಂದು ವರದಿ ಮಾಡಿ ಕೊಡುತ್ತದೆ, ಯಾವುದನ್ನು ಎಷ್ಟು ಆಡಿದೆ ಅಂತ. ನೋಡೋಕೆ ಚೆಂದ, ರ‍್ಯಾಂಕ್ ಕೊಡೋಕೆ ಕೆಲಸಕ್ಕೆ ಬರೋದಿಲ್ಲ. ಆಟ ಅಲ್ಲೇ ನಿಲ್ಲಿಸಿ ಊಟಕ್ಕೆ ಎದ್ದು ಹೋದರೂ ಮೀಟರ್ ಓಡುತ್ತಲೇ ಇರುತ್ತದೆ. ಫೋನಿನಲ್ಲಿ ಆಡಿದ್ದು ಅದರಲ್ಲಿ ಇರುವುದೇ ಇಲ್ಲ. ಎರಡನ್ನೂ ಕೂಡಿಸಿದರೆ ಬಲಾಟ್ರೋ ಉಳಿದವನ್ನೆಲ್ಲ ಮೈಲಿ ಹಿಂದೆ ಹಾಕುತ್ತದೆ, ಯಾಕೆಂದರೆ ಮೆಟ್ರೋದಲ್ಲಿ, ಸಲೂನಿನಲ್ಲಿ, ಬ್ಯಾಂಕಿನ ಕ್ಯೂನಲ್ಲಿ ಎಲ್ಲೆಲ್ಲೂ ಆಡಿದ್ದೇನೆ. ಕೈಗೆ ಸಿಕ್ಕಿತು, ಆಡಿದೆ, ಅಷ್ಟೇ. ಇಷ್ಟ ಜಾಸ್ತಿ ಅಂತ ಆಗೋದಿಲ್ಲ ಅಲ್ವಾ?

ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವುದನ್ನೂ ಹಿಂದಿನ ವರ್ಷಗಳಲ್ಲಿ ನೋಡಿದ್ದೇನೆ. ಎಲ್ಲಕ್ಕೂ ಎಂಟೂವರೆಯೋ ಒಂಬತ್ತೋ ಬಂದು ಕೂರುತ್ತದೆ. ಅದಕ್ಕೆ ಕಾರಣವೂ ಇದೆ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಸಿಗುತ್ತದೆ. ಹಿಡಿಸದ ಗೇಮ್ ಅಲ್ಲೇ ಜರಡಿಯಿಂದ ಉದುರಿ ಹೋಗಿರುತ್ತದೆ. ಉಳಿದದ್ದೆಲ್ಲ ಒಳ್ಳೆಯದೇ. ಒಳ್ಳೆಯದರಲ್ಲಿ ಯಾವುದು ಮೇಲು ಅನ್ನೋದು ಪ್ರಶ್ನೆ.

ಈ ವರ್ಷ ನಾನು ಮಾಡಿದ್ದು ಇಷ್ಟು. ಫೋನಿನಲ್ಲಿ ಒಂದು ನೋಟ್ ತೆರೆದೆ. ರಾತ್ರಿ ಆಡಿದ ಮೇಲೆ ಏನೂ ಬರೆಯುವುದಿಲ್ಲ. ರಾತ್ರಿ ಬರೆದರೆ ಎಲ್ಲವೂ ‘ಸೂಪರ್’ ಆಗಿರುತ್ತದೆ, ಬಾಸ್ (ಗೇಮ್‌ನ ದೊಡ್ಡ ಶತ್ರು) ಸತ್ತ ಬಿಸಿ ಇನ್ನೂ ಇಳಿದಿರುವುದಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ, ನಿನ್ನೆಯ ಆಟದ ಬಗ್ಗೆ ತಾನಾಗೇ ಏನು ನೆನಪಾಗುತ್ತದೋ ಅದನ್ನು ಒಂದೇ ಸಾಲು ಬರೆಯುವುದು. ನೆನಪಾಗದಿದ್ದರೆ ಹಾಗಂತಲೇ ಬರೆಯುವುದು. ಆ ನೋಟಿನಿಂದ ಹಾಗೇ ಎತ್ತಿದ ಕೆಲವು ಸಾಲು:

‘ಬಾಯ್ಲರ್ ರೂಮಿನ ಹಬೆ ಯಾವ ಕಡೆ ಹೋಗುತ್ತೆ? ಪಕ್ಕದ ಕೋಣೆಯ ಪೈಪ್ ನೋಡಬೇಕು.’ (ಇದು ಬ್ಲೂ ಪ್ರಿನ್ಸ್.)

‘ಆ ಬೆಂಚು!!!’

‘ಹೇಡೀಸ್. ಏನೂ ನೆನಪಿಲ್ಲ. ಮಜಾ ಬಂತು.’

‘ಅಮ್ಮನಿಗೆ ಫೋನ್ ಮಾಡಬೇಕು.’ (ಇದು ವೆಣ್ಬಾ.)

ವರ್ಷದ ಕೊನೆಗೆ ಎಂಟು ಹೆಸರನ್ನು ಚೀಟಿಯಲ್ಲಿ ಬರೆದು, ಎರಡೆರಡನ್ನೇ ಮೇಜಿನ ಮೇಲಿಟ್ಟೆ. ಕೇಳಿಕೊಂಡ ಪ್ರಶ್ನೆ ಒಂದೇ: ಆಡದೇ ಇದ್ದಾಗ ಈ ಎರಡರಲ್ಲಿ ಯಾವುದು ನನ್ನ ತಲೆ ಜಾಸ್ತಿ ತಿಂದಿತು? ಗ್ರಾಫಿಕ್ಸ್, ಕತೆ, ಸಂಗೀತ ಅಂತ ಬೇರೆ ಬೇರೆ ಕಾಲಂ ಇಲ್ಲ. ಎಂಟು ಗೇಮ್ ಅಂದರೆ 28 ಜೋಡಿ, ಒಂದು ಭಾನುವಾರ ಮಧ್ಯಾಹ್ನದ ಕೆಲಸ. ಗೆದ್ದದ್ದಕ್ಕೆ ಒಂದು ಗೀಟು, ಕೊನೆಗೆ ಗೀಟು ಎಣಿಸುವುದು.

ಇದರಲ್ಲಿ ಒಂದು ತೊಡಕು ಬಂತು, ಅದನ್ನೂ ಹೇಳಬೇಕು. ಸಿಲ್ಕ್‌ಸಾಂಗ್ ಎಕ್ಸ್‌ಪೆಡಿಷನ್ ಅನ್ನು ಸೋಲಿಸಿತು. ಎಕ್ಸ್‌ಪೆಡಿಷನ್ ಬಲಾಟ್ರೋವನ್ನು ಸೋಲಿಸಿತು. ಆದರೆ ಬಲಾಟ್ರೋ ಮತ್ತು ಸಿಲ್ಕ್‌ಸಾಂಗ್ ಚೀಟಿ ಎದುರುಬದುರು ಬಂದಾಗ ಕೈ ಬಲಾಟ್ರೋ ಕಡೆ ಹೋಯಿತು. ಮೂವರೂ ಒಬ್ಬರ ಹಿಂದೆ ಒಬ್ಬರು ಸುತ್ತು ಹಾಕಿ ನಿಂತರು, ಮೂರಕ್ಕೂ ಗೀಟು ಸಮ. ಯಾವುದು ಮೇಲೆ ಅಂತ ಹೇಳುವ ದಾರಿಯೇ ಇಲ್ಲ. ಆಗ ಬೆಳಗಿನ ನೋಟು ಕೆಲಸಕ್ಕೆ ಬಂತು. ಬಲಾಟ್ರೋ ಸಾಲುಗಳನ್ನು ಒಟ್ಟಿಗೆ ಓದಿದರೆ ಎಲ್ಲವೂ ಒಂದೇ ತರ, ‘ಆ ಜೋಕರ್ ಮಾರಬಾರದಿತ್ತು’ ಅನ್ನುವಂಥವು. ಎಕ್ಸ್‌ಪೆಡಿಷನ್ ಸಾಲುಗಳು ಶುರುವಿನಲ್ಲಿ ದಟ್ಟವಾಗಿ ಬಂದು ಕೊನೆಗೆ ತೆಳುವಾಗಿದ್ದವು. ಸಿಲ್ಕ್‌ಸಾಂಗ್‌ದು ಒಂದೊಂದು ಸಾಲೂ ಬೇರೆ ಜಾಗ, ಬೇರೆ ಬೈಗುಳ. ಕ್ರಮ ಸಿಕ್ಕಿತು.

ಈಗ ಮೊದಲನೆಯದಕ್ಕೆ ಬರೋಣ.

ಬ್ಲೂ ಪ್ರಿನ್ಸ್ ಬಂದಿದ್ದು ಏಪ್ರಿಲ್ 10ಕ್ಕೆ. ಮಾಡಿದವರು ಡೋಗುಬಾಂಬ್ ಅನ್ನುವ ಪುಟ್ಟ ಸ್ಟುಡಿಯೋ, ಅದರ ಹಿಂದಿರುವವರು ಟೋಂಡಾ ರೋಸ್, ಎಂಟು ವರ್ಷ ಇದರ ಮೇಲೇ ಕೂತಿದ್ದರಂತೆ. ಕತೆ ಸರಳ. ಸೈಮನ್ ಅನ್ನುವ ಹುಡುಗನಿಗೆ ದೊಡ್ಡಜ್ಜ ಒಬ್ಬರು ಬಂಗಲೆ ಬರೆದಿಟ್ಟಿದ್ದಾರೆ. ಷರತ್ತು ಏನೆಂದರೆ, 45 ಕೋಣೆಯ ಆ ಮನೆಯಲ್ಲಿ ಅವನು 46ನೆಯ ಕೋಣೆ ಹುಡುಕಬೇಕು. ಐದು ಅಡ್ಡ, ಒಂಬತ್ತು ಉದ್ದ, ಖಾಲಿ ಚೌಕಗಳ ನಕ್ಷೆ. ಒಂದೊಂದು ಬಾಗಿಲು ತೆಗೆದಾಗಲೂ ಮೂರು ಕೋಣೆಗಳ ನಕ್ಷೆ ಮುಂದೆ ಬರುತ್ತದೆ, ಒಂದನ್ನು ಆರಿಸಿದರೆ ಬಾಗಿಲ ಆಚೆ ಅದೇ ಕೋಣೆ. ದಿನಕ್ಕೆ 50 ಹೆಜ್ಜೆ, ಕೋಣೆ ಹೊಕ್ಕರೆ ಒಂದು ಹೆಜ್ಜೆ ಖರ್ಚು. ದಾರಿಯಲ್ಲಿ ಸೇಬು, ಬಾಳೆಹಣ್ಣು ಸಿಕ್ಕರೆ ತಿಂದು ಹೆಜ್ಜೆ ಜಾಸ್ತಿ ಮಾಡಿಕೊಳ್ಳಬಹುದು. ಹೆಜ್ಜೆ ಮುಗಿದರೆ ದಿನ ಮುಗಿಯಿತು, ಮರುದಿನ ಮನೆ ಮತ್ತೆ ಖಾಲಿ.

ಇಷ್ಟು ಕೇಳಿದರೆ ಅದೃಷ್ಟದ ಆಟ ಅನ್ನಿಸುತ್ತದೆ. ಮನೆ ಅಳಿಸಿಹೋಗುತ್ತದೆ ನಿಜ, ಆದರೆ ನಿಮಗೆ ಗೊತ್ತಾಗಿದ್ದು ಅಳಿಸುವುದಿಲ್ಲ. ನೋಟ್‌ಬುಕ್ ಇಟ್ಟುಕೊಳ್ಳಿ ಅಂತ ಗೇಮೇ ಹೇಳುತ್ತದೆ. ನಾನು ಮಗಳ ಹಳೇ ಗಣಿತದ ಚೌಕಳಿ ಪುಸ್ತಕದ ಉಳಿದ ಹಾಳೆಗಳನ್ನು ತೆಗೆದುಕೊಂಡೆ. ಅದು ತುಂಬಿ ಇನ್ನೊಂದು ಕೊಂಡೆ.

ಪಾರ್ಲರ್ ಅನ್ನುವ ಕೋಣೆ ಇದೆ. ಅಲ್ಲಿ ನೀಲಿ, ಬಿಳಿ, ಕಪ್ಪು ಮೂರು ಡಬ್ಬ. ಒಂದರಲ್ಲಿ ಮಾತ್ರ ರತ್ನ. ಡಬ್ಬಗಳ ಮೇಲೆ ಮಾತು ಬರೆದಿರುತ್ತದೆ. ನಿಯಮ ಹೀಗೆ: ನಿಜ ಮಾತ್ರ ಹೇಳುವ ಡಬ್ಬ ಕನಿಷ್ಠ ಒಂದು ಇರುತ್ತದೆ, ಸುಳ್ಳು ಮಾತ್ರ ಹೇಳುವ ಡಬ್ಬವೂ ಕನಿಷ್ಠ ಒಂದು ಇರುತ್ತದೆ. ಗೇಮ್‌ನದ್ದೇ ಕೊಟ್ಟರೆ ಆಡುವವರಿಗೆ ಮೋಸ, ಅದೇ ಧಾಟಿಯಲ್ಲಿ ನಾನೇ ಒಂದು ಮಾಡಿದ್ದೇನೆ. ನೀಲಿಯ ಮೇಲೆ ‘ರತ್ನ ನನ್ನಲ್ಲಿದೆ’. ಬಿಳಿಯ ಮೇಲೆ ‘ರತ್ನ ನನ್ನಲ್ಲಿಲ್ಲ’. ಕಪ್ಪಿನ ಮೇಲೆ ‘ಬಿಳಿ ಡಬ್ಬ ಖಾಲಿ’. ರತ್ನ ನೀಲಿಯಲ್ಲಿದೆ ಅಂದುಕೊಳ್ಳಿ, ಮೂರೂ ಮಾತು ನಿಜವಾಗಿಬಿಡುತ್ತದೆ, ಸುಳ್ಳು ಹೇಳುವವರೇ ಇಲ್ಲ, ಹಾಗಾಗಿ ನೀಲಿ ಅಲ್ಲ. ಬಿಳಿಯಲ್ಲಿದ್ದರೆ ಮೂರೂ ಸುಳ್ಳು, ಅದೂ ಆಗೋದಿಲ್ಲ. ಉಳಿದದ್ದು ಕಪ್ಪು. ಡಬ್ಬ ಏನು ಹೇಳುತ್ತಿದೆ ಅನ್ನುವುದಕ್ಕಿಂತ ಮೂವರೂ ಸೇರಿ ಏನು ಹೇಳಲಾರರು ಅಂತ ನೋಡುವ ಅಭ್ಯಾಸ ಒಮ್ಮೆ ಹತ್ತಿತು ಅಂದರೆ, ಆಫೀಸಿನ ಮೀಟಿಂಗ್‌ನಲ್ಲೂ ಅದೇ ನಡೆಯುತ್ತಿರುತ್ತದೆ.

ಬಿಲಿಯರ್ಡ್ ರೂಮಿನ ಡಾರ್ಟ್ ಬೋರ್ಡ್ ಇನ್ನೊಂದು. ಬಣ್ಣಕ್ಕೊಂದು ಲೆಕ್ಕ, ನೀಲಿ ಅಂದರೆ ಕೂಡು, ಹಳದಿ ಅಂದರೆ ಕಳೆ, ನಡುವಿನಿಂದ ಶುರು ಮಾಡಿ ಹೊರಗೆ ಬರಬೇಕು. ಮೊದಮೊದಲು ಸುಲಭ. ಆಮೇಲೆ ಗುರುತುಗಳು ಬರುತ್ತಾ ಹೋಗುತ್ತವೆ, ಒಂದೊಂದಕ್ಕೂ ಅರ್ಥ ನಾವೇ ಕಂಡುಕೊಳ್ಳಬೇಕು. ಯಾರೂ ಹೇಳಿಕೊಡುವುದಿಲ್ಲ. ಮಗಳು ಹೆಗಲ ಮೇಲಿಂದ ಬಗ್ಗಿ ನೋಡಿ ‘ಅಪ್ಪಾ, ಅದು ವರ್ಗ ಇರಬೇಕು’ ಅಂದಳು. ಸರಿಯಾಗಿತ್ತು.

ದೂರೂ ಇದೆ. ಈ ಗೇಮ್‌ನಲ್ಲಿ ದಿನದ ನಡುವೆ ಸೇವ್ ಆಗುವುದಿಲ್ಲ. ನಮ್ಮ ಏರಿಯಾದಲ್ಲಿ ಮಳೆಗಾಲದ ಸಂಜೆ ಕರೆಂಟ್ ನೆಚ್ಚಿಕೊಂಡು ಕೂರುವ ಹಾಗಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಹಳತಾಗಿದ್ದರಿಂದ, ಮನೆಯ ತುದಿಯವರೆಗೆ ಕೋಣೆ ಜೋಡಿಸಿಕೊಂಡು ಹೋದ ದಿನವೇ ಎಲ್ಲ ಕತ್ತಲು. ಯುಪಿಎಸ್ ತಂದ ಮೇಲೆ ನೆಮ್ಮದಿ. ಎರಡನೆಯ ದೂರು, ಕೆಲವು ಒಗಟುಗಳಿಗೆ ಇಂಗ್ಲಿಷ್ ಪದಗಳ ಜೊತೆ ಆಟವಾಡುವುದು ಗೊತ್ತಿರಬೇಕು. ಕನ್ನಡ ಮೀಡಿಯಂನಲ್ಲಿ ಓದಿ ಬಂದ ನನಗೆ ಒಂದೆರಡು ಕಡೆ ‘ಇದು ಹೇಗಪ್ಪಾ ಹೊಳೆಯಬೇಕಿತ್ತು’ ಅನ್ನಿಸಿತು. ಮೂರನೆಯದು, 46ನೆಯ ಕೋಣೆ ಸಿಕ್ಕ ಮೇಲೂ ಗೇಮ್ ಮುಗಿಯುವುದಿಲ್ಲ, ಇನ್ನೂ ಆಳಕ್ಕೆ ಇಳಿಯುತ್ತಾ ಹೋಗುತ್ತದೆ, ಅಲ್ಲಿ ಬೇಕಾದ ಕೋಣೆ ಬರುವ ತನಕ ದಿನಗಟ್ಟಲೆ ಸುಮ್ನೆ ಕಾಯುವುದು ಬೇಜಾರು. ಇಷ್ಟಾದರೂ ಮೊದಲ ಸ್ಥಾನ ಯಾಕೆ ಅಂದರೆ, ಚೀಟಿಗಳಲ್ಲಿ ಏಳಕ್ಕೆ ಏಳೂ ಗೆದ್ದದ್ದು ಇದೊಂದೇ.

ವೆಣ್ಬಾ ಬಗ್ಗೆ ನಾನು ಕೇಳಿದ್ದು ತಡವಾಗಿ. ಟೊರೊಂಟೋದ ವಿಸೈ ಗೇಮ್ಸ್ ಮಾಡಿದ್ದು, 2024ರಲ್ಲಿ ಚೊಚ್ಚಲ ಗೇಮ್‌ಗೆ ಕೊಡುವ ಬಾಫ್ಟಾ ಪ್ರಶಸ್ತಿ ಬಂದಿತ್ತು. ತಮಿಳು ದಂಪತಿ ಎಂಬತ್ತರ ದಶಕದ ಕೊನೆಯಲ್ಲಿ ಕೆನಡಾಕ್ಕೆ ಹೋಗಿ ನೆಲೆಸುತ್ತಾರೆ. ವೆಣ್ಬಾ ಅನ್ನುವುದು ಆ ಹೆಣ್ಣುಮಗಳ ಹೆಸರು. ಅಮ್ಮ ಕೊಟ್ಟ ಅಡುಗೆ ಪುಸ್ತಕ ಹರಿದಿದೆ, ಕೆಲವು ಸಾಲು ಅಳಿಸಿವೆ. ಅಳಿಸಿದ್ದನ್ನು ನಾವು ಊಹಿಸಿ ಅಡುಗೆ ಮಾಡಬೇಕು.

ಮೊದಲ ಅಡುಗೆಯೇ ಇಡ್ಲಿ. ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುವುದು ಅಲ್ಲಿಯ ಒಗಟು, ಹಬೆ ಮೇಲಿನ ತಟ್ಟೆಗೂ ಏರಬೇಕು. ವಿದೇಶದಲ್ಲಿ ಆಡಿದ ಅದೆಷ್ಟೋ ಜನ ಅಲ್ಲಿ ತಡವರಿಸಿರಬೇಕು. ನನ್ನ ಹೆಂಡತಿ ಪಕ್ಕದಲ್ಲಿ ಕೂತಿದ್ದವಳು ಒಂದೇ ನೋಟಕ್ಕೆ ‘ತಟ್ಟೆ ಸ್ವಲ್ಪ ತಿರುಗಿಸ್ರೀ, ತೂತಿಗೆ ಅಡ್ಡ ಬರ್ತಿದೆ’ ಅಂದಳು. ಇಷ್ಟು ವರ್ಷ ನಾನು ಆಡಿದ ಗೇಮ್‌ಗಳಲ್ಲಿ ಕತ್ತಿ ಹಿಡಿದಿದ್ದೇನೆ, ಡ್ರ್ಯಾಗನ್ ಕೊಂದಿದ್ದೇನೆ, ರಾಕೆಟ್ ಹತ್ತಿದ್ದೇನೆ. ನಮ್ಮ ಅಡುಗೆಮನೆಯಲ್ಲಿ ನೇತಾಡುವ ಪಾತ್ರೆ ಒಂದು ಒಗಟಾಗಿ ಎದುರು ಬಂದಿದ್ದು ಇದೇ ಮೊದಲು.

ಮಗ ದೊಡ್ಡವನಾಗುತ್ತಾ ಮನೆಯ ಭಾಷೆಯಿಂದಲೂ ಊಟದಿಂದಲೂ ದೂರವಾಗುವುದು ಉಳಿದ ಕತೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಚಿಕ್ಕ ಗೇಮ್, ಹೇಳಿದರೆ ಏನೂ ಉಳಿಯುವುದಿಲ್ಲ. ಅಡುಗೆ ಕೆಟ್ಟರೆ ಶಿಕ್ಷೆ ಇಲ್ಲ, ಮತ್ತೆ ಮಾಡಬಹುದು. ಒಗಟುಗಳು ನಿಜಕ್ಕೂ ಸುಲಭ, ಗೇಮ್ ಅಂತ ನೋಡಿದರೆ ತೆಳು ಅನ್ನುವವರ ಜೊತೆ ನಾನು ಜಗಳ ಆಡುವುದಿಲ್ಲ. ಆದರೆ ನನ್ನ ಪ್ರಶ್ನೆ ಬೇರೆ ಇತ್ತಲ್ಲ. ಆಡಿದ್ದು ಒಂದೇ ಸಂಜೆ, ನೋಟಿನಲ್ಲಿ ವಾರಗಳ ನಂತರವೂ ಅದರ ಸಾಲುಗಳು ಬರುತ್ತಲೇ ಇದ್ದವು. ಡಬ್ಲಿನ್‌ನಲ್ಲಿರುವ ಗೆಳೆಯನಿಗೆ ಹೇಳಿದೆ, ಅವನು ಮಕ್ಕಳನ್ನು ಕೂರಿಸಿಕೊಂಡು ಆಡಿ, ಆಮೇಲೆ ಎರಡು ದಿನ ಗುಂಪಿನಲ್ಲಿ ಮಾತೇ ಆಡಲಿಲ್ಲ.

ಸಿಲ್ಕ್‌ಸಾಂಗ್. ಇದಕ್ಕೆ ಕಾದವರಿಗೆ ಗೊತ್ತು. 2017ರ ಹಾಲೋ ನೈಟ್‌ನ ಮುಂದಿನ ಭಾಗ, 2019ರ ಫೆಬ್ರವರಿಯಲ್ಲಿ ಘೋಷಣೆ, ಕೈಗೆ ಬಂದಿದ್ದು 2025ರ ಸೆಪ್ಟೆಂಬರ್ 4ಕ್ಕೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಬೆರಳೆಣಿಕೆಯ ಜನ ಕೂತು ಮಾಡಿದ ಗೇಮ್‌ಗೆ, ಬಿಡುಗಡೆಯ ಹೊತ್ತಿಗೆ ಸ್ಟೀಮ್ ಸೇರಿ ಹಲವು ಆನ್‌ಲೈನ್ ಅಂಗಡಿಗಳು ತತ್ತರಿಸಿ ಕೂತವು. ಬೆಲೆ 20 ಡಾಲರ್, ದೊಡ್ಡ ಕಂಪನಿಗಳ ಗೇಮ್‌ಗಳ ಮೂರನೇ ಒಂದು ಭಾಗ.

ಕಷ್ಟ ಅಂದರೆ ಕಷ್ಟ. ಶುರುವಿಗೆ ಐದು ಜೀವ ಅಂದುಕೊಳ್ಳಿ, ಬಾಸ್‌ಗಳು ಒಂದೇ ಏಟಿಗೆ ಎರಡೆರಡು ಕೀಳುತ್ತವೆ, ಅಂದರೆ ಮೂರು ಏಟಿಗೆ ಕತೆ ಖಲಾಸ್. ಸತ್ತರೆ ಕೂಡಿಟ್ಟ ಮಣಿಯೆಲ್ಲ (ಅಲ್ಲಿ ದುಡ್ಡು ಅಂದರೆ ಮಣಿ) ಅಲ್ಲೇ ಬಿದ್ದಿರುತ್ತದೆ, ವಾಪಸ್ ಹೋಗಿ ತರಬೇಕು, ಹೋಗುವಾಗ ಮತ್ತೆ ಸತ್ತರೆ ಪೂರ್ತಿ ಹೋಯಿತು. ಕೂತು ಸುಧಾರಿಸಿಕೊಳ್ಳುವ ಬೆಂಚಿಗೂ ಕೆಲವು ಕಡೆ ಮಣಿ ಕೊಡಬೇಕು.

ಆ ಬೆಂಚಿನ ವಿಷಯ ಬಂತಲ್ಲ. ಹಂಟರ್ಸ್ ಮಾರ್ಚ್ ಅನ್ನುವ ಜಾಗ. ಕೆಂಪು ಇರುವೆಗಳ ಕಾಟ, ತೂಗಾಡುವ ಹೂಗಳ ಮೇಲೆ ನೆಗೆನೆಗೆದು ಹೋಗಬೇಕು, ಕೈ ಬೆವೆತಿದೆ, ಜೀವ ಒಂದು ಉಳಿದಿದೆ, ಅಷ್ಟರಲ್ಲಿ ಬೆಂಚು ಕಾಣಿಸಿತು. ಹಾಲೋ ನೈಟ್, ಸಿಲ್ಕ್‌ಸಾಂಗ್ ಎರಡರಲ್ಲೂ ನಂಬಬಹುದಾದ ವಸ್ತು ಅಂದರೆ ಬೆಂಚು ಒಂದೇ. ಹೋಗಿ ಕೂತೆ. ಮೇಲಿಂದ ಭಾರ ಬಿತ್ತು. ಬೆಂಚಿಗೇ ಬಲೆ ಕಟ್ಟಿದ್ದಾರೆ! ಮೊದಲು ಸಿಟ್ಟು ಬಂತು, ಆಮೇಲೆ ಒಬ್ಬನೇ ಜೋರಾಗಿ ನಕ್ಕೆ. ಆ ಬಲೆ ತಪ್ಪಿಸುವ ಸ್ವಿಚ್ಚೂ ಅಲ್ಲೇ ಹತ್ತಿರದಲ್ಲಿ ಅಡಗಿರುತ್ತದೆ. ಅದನ್ನು ಒತ್ತಿ ಬಂದು ಕೂತಾಗ ಸಿಗುವ ಸಮಾಧಾನ ಬೇರೆ ಯಾವ ಬೆಂಚಿನಲ್ಲೂ ಸಿಗಲಿಲ್ಲ.

ಹೊಸದಾಗಿ ಆಡುವವರಿಗೆ ಒಂದು ಮಾತು. ನಾವು ಆಡಿಸುವ ಪಾತ್ರ ಹಾರ್ನೆಟ್ ಶುರುವಿನಲ್ಲಿ ಕೆಳಕ್ಕೆ ಹೊಡೆಯುವುದು ಓರೆಯಾಗಿ, ಹಳೇ ಗೇಮ್‌ನ ತರ ನೇರವಾಗಿ ಅಲ್ಲ. ಎಷ್ಟು ಆಡಿದರೂ ಅದು ಕೈಗೆ ಕೂರದಿದ್ದರೆ, ಹೊಡೆಯುವ ರೀತಿಯನ್ನೇ ಬದಲಿಸುವ ವಾಂಡರರ್ ಕ್ರೆಸ್ಟ್ ಹುಡುಕಿಕೊಳ್ಳಿ, ಏಟು ಗಿಡ್ಡ, ಆದರೆ ನೇರ ಕೆಳಕ್ಕೆ ಬೀಳುತ್ತದೆ. ಅದು ಸಿಕ್ಕ ಮೇಲೆ ನನ್ನ ಆಟವೇ ಬದಲಾಯಿತು. ಬಂದ ಕೆಲವೇ ದಿನಕ್ಕೆ ಮಾಡಿದವರೇ ಶುರುವಿನ ಒಂದೆರಡು ಬಾಸ್‌ಗಳನ್ನು ಸ್ವಲ್ಪ ಸಡಿಲ ಮಾಡಿದರು, ಅದು ಒಳ್ಳೆಯದೇ ಆಯಿತು. ಬೈಲ್‌ವಾಟರ್ ಅನ್ನುವ ಕೊಳಚೆ ಪ್ರದೇಶವನ್ನು ಮಾತ್ರ ಯಾರೂ ಸಡಿಲ ಮಾಡಲಿಲ್ಲ. ಹುಳ ಮೈಗೆ ಹತ್ತಿದರೆ ಗಾಯ ವಾಸಿ ಮಾಡಿಕೊಳ್ಳೋಕೂ ಆಗೋದಿಲ್ಲ. ಇದು ಎರಡನೇ ಸ್ಥಾನಕ್ಕೆ ಏರದಿರಲು ಆ ಜಾಗವೂ ಒಂದು ಕಾರಣ, ಅಲ್ಲಿಯ ನೆನಪು ಬಂದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ಎಕ್ಸ್‌ಪೆಡಿಷನ್ 33 ಬಗ್ಗೆ ನನ್ನ ಗೆಳೆಯರು ಹೇಳುವುದೆಲ್ಲ ನಿಜ. ಫ್ರಾನ್ಸಿನ ಮೊಂಪೆಲಿಯೆಯ ಸ್ಯಾಂಡ್‌ಫಾಲ್ ಸ್ಟುಡಿಯೋ, ಅವರ ಮೊದಲ ಗೇಮ್ ಇದು. ಮೊದಲ ಒಂದು ಗಂಟೆಯ ಕತೆಯನ್ನು ಮೀರಿಸುವಂಥದ್ದು ಆ ವರ್ಷ ಇನ್ನೊಂದು ಬರಲಿಲ್ಲ. ಲೂಮಿಯೇರ್ ಅನ್ನುವ ಊರು. ದೂರದ ಕಲ್ಲಿನ ಮೇಲೆ ಪೇಂಟ್ರೆಸ್ ವರ್ಷಕ್ಕೊಮ್ಮೆ ಒಂದು ಸಂಖ್ಯೆ ಬರೆಯುತ್ತಾಳೆ, ವರ್ಷವರ್ಷ ಒಂದೊಂದು ಇಳಿಸುತ್ತಾ. ಆ ವಯಸ್ಸಿನವರೆಲ್ಲ ಹೂವಿನ ಎಸಳಾಗಿ ಗಾಳಿಯಲ್ಲಿ ಕರಗಿಹೋಗುತ್ತಾರೆ. ಶುರುವಿನಲ್ಲಿ ನಾವು ಆಡಿಸುವ ಗುಸ್ತಾವ್ ತನ್ನ ಹಳೇ ಗೆಳತಿ ಸೋಫಿಯ ಕೈ ಹಿಡಿದು ಬಂದರಿನ ಹತ್ತಿರ ನಿಂತಿರುತ್ತಾನೆ. ಮುಂದೆ ಹೇಳಬೇಕಾಗಿಲ್ಲ.

ಕಾಳಗ ಸರದಿಯದ್ದು, ನೀನು ಹೊಡಿ, ನಾನು ಹೊಡಿತೀನಿ. ಆದರೆ ಎದುರಾಳಿ ಹೊಡೆಯುವಾಗ ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಿದರೆ ಏಟು ತಡೆಯಬಹುದು. ಎಲ್ಲ ಏಟೂ ತಡೆದರೆ ತಿರುಗಿ ಹೊಡೆಯುವ ಅವಕಾಶ. ಶತ್ರುಗಳು ಕೈ ಎತ್ತಿ, ನಿಲ್ಲಿಸಿ, ನಾವು ಗಡಿಬಿಡಿಯಲ್ಲಿ ಒತ್ತಿದ ಮೇಲೆ ಬಾರಿಸುತ್ತಾರೆ. ಕಣ್ಣಿಗಿಂತ ಕಿವಿ ಜಾಸ್ತಿ ಕೆಲಸಕ್ಕೆ ಬಂತು, ಬಂದ ಸದ್ದಿಗೆ ಒತ್ತಿದರೆ ಕೈ ತಪ್ಪುವುದು ಕಡಿಮೆ. ಲೋರಿಯೆನ್ ಟೆಸ್ಟಾರ್ ಅವರ ಸಂಗೀತವನ್ನು ಈಗಲೂ ಕೆಲಸ ಮಾಡುವಾಗ ಹಾಕಿಕೊಳ್ಳುತ್ತೇನೆ.

ಹಾಗಿದ್ದರೆ ನಾಲ್ಕನೆಯದು ಯಾಕೆ? ಕತೆಯ ಮೂರನೆಯ ಅಂಕ. ಊರೂರು ಸುತ್ತಿ ಸಣ್ಣಪುಟ್ಟ ಕೆಲಸ ಮುಗಿಸಿಕೊಂಡು ಹೋದವನಿಗೆ ಕೊನೆಯ ಬಾಸ್ ಏಟಿಗೂ ಮೊದಲೇ ಬಿದ್ದುಹೋಗುತ್ತಾನೆ. ಕತೆ ಉತ್ತುಂಗಕ್ಕೆ ಬಂದಿದೆ, ನನ್ನ ಕೈಗೆ ಮಾತ್ರ ಕೆಲಸವಿಲ್ಲ. ಎಲ್ಲವನ್ನೂ ನೋಡುತ್ತೇನೆ ಎಂದವನಿಗೆ ಕೊನೆ ಸಪ್ಪೆಯಾಗುವುದು ಗೇಮ್ ಮಾಡಿದವರ ಕೊರತೆಯೇ. ಡಬ್ಲಿನ್ ಗೆಳೆಯ ಇದನ್ನು ಒಪ್ಪುವುದಿಲ್ಲ, ‘ನೇರವಾಗಿ ಹೋಗಬೇಕಿತ್ತು, ಯಾರು ಹೇಳಿದರು ಸುತ್ತೋಕೆ’ ಅಂತಾನೆ.

ಬಲಾಟ್ರೋ ಇಸ್ಪೀಟು. ಲೋಕಲ್‌ಥಂಕ್ ಅನ್ನುವ ಹೆಸರಿನ ಹಿಂದೆ ಇರುವ ಕೆನಡಾದ ಒಬ್ಬರೇ ವ್ಯಕ್ತಿ ಮಾಡಿದ್ದು, 2024ರ ಫೆಬ್ರವರಿಯಲ್ಲಿ ಬಂತು, ಅದೇ ಸೆಪ್ಟೆಂಬರ್‌ಗೆ ಫೋನಿಗೂ ಬಂತು. ನಾನು ಹಿಡಿದುಕೊಂಡಿದ್ದು ಯುಗಾದಿಗೆ ಊರಿಗೆ ಹೋದಾಗ. ಅಲ್ಲಿ ಜಗುಲಿಯ ಮೇಲೆ ಚಿಕ್ಕಪ್ಪಂದಿರು ಎಲೆ ಹಾಕಿಕೊಂಡು ಕೂತಿದ್ದರು, ನಾನು ಮೂಲೆಯಲ್ಲಿ ಫೋನ್ ಹಿಡಿದು ಕೂತಿದ್ದೆ. ಅಮ್ಮ ಬಗ್ಗಿ ನೋಡಿ ‘ಏನೋ ಅದು, ಫೋನಲ್ಲೂ ಇಸ್ಪೀಟಾ? ಎಷ್ಟು ಕಳಕೊಂಡೆ?’ ಅಂದರು. ‘ದುಡ್ಡಿಲ್ಲಮ್ಮ ಇದರಲ್ಲಿ’ ಅಂದೆ. ‘ದುಡ್ಡಿಲ್ಲದೆ ಯಾರು ಆಡ್ತಾರೆ’ ಅಂತ ಹೊರಟುಹೋದರು. ಅಮ್ಮನನ್ನು ಏನೂ ಅನ್ನುವಂತಿಲ್ಲ. ಯೂರೋಪಿನಲ್ಲಿ ಗೇಮ್‌ಗಳಿಗೆ ವಯಸ್ಸಿನ ಗುರುತು ಕೊಡುವ ಪೆಗಿಯೇ ಇದಕ್ಕೆ 18 ಅಂತ ಹಾಕಿ, 2025ರ ಫೆಬ್ರವರಿಯಲ್ಲಿ 12ಕ್ಕೆ ಇಳಿಸಿತು.

ಆಟ ಹೇಗೆ ಅಂದರೆ, ಎಲೆಯ ಬೆಲೆ ಕೂಡಿಸಿ ಅದನ್ನು ಒಂದು ಸಂಖ್ಯೆಯಿಂದ ಗುಣಿಸುವುದು. ಒಂದೇ ಜಾತಿಯ ಐದು ಎಲೆ, ಅಂದರೆ ಫ್ಲಷ್, ಅದಕ್ಕೆ ಶುರುವಿಗೆ 35, ಗುಣಕ 4. ಆಟೀನಿನ ಎಕ್ಕ, ರಾಜ, ಒಂಬತ್ತು, ಏಳು, ಎರಡು ಇಳಿಸಿದಿರಿ ಅಂದುಕೊಳ್ಳಿ. ಎಕ್ಕಕ್ಕೆ 11, ರಾಜನಿಗೆ 10, ಎಲ್ಲ ಸೇರಿ 39. ಆ 35 ಕೂಡಿಸಿದರೆ 74, ನಾಲ್ಕರಿಂದ ಗುಣಿಸಿದರೆ 296. ಮೊದಲ ಸುತ್ತಿಗೆ ಬೇಕಾದದ್ದು 300! ನಾಲ್ಕು ಕಡಿಮೆ. ಆದರೆ ಗುಣಕಕ್ಕೆ ನಾಲ್ಕು ಸೇರಿಸುವ ಸಾದಾ ಜೋಕರ್ ಒಂದು ಕೈಯಲ್ಲಿದ್ದರೆ ಅದೇ ಎಲೆಗಳಿಗೆ 592. ಜೋಕರ್‌ಗಳು ಒಟ್ಟು 150, ಒಂದೊಂದಕ್ಕೂ ಒಂದೊಂದು ಗುಣ, ಸಾಮಾನ್ಯವಾಗಿ ಐದು ಮಾತ್ರ ಇಟ್ಟುಕೊಳ್ಳಬಹುದು. ಎಂಟನೆಯ ಹಂತದ ಕೊನೆಗೆ ಬಹುತೇಕ ಒಂದು ಲಕ್ಷ ಬೇಕು. ಈ 300ರಿಂದ ಲಕ್ಷಕ್ಕೆ ಹೋಗುವ ದಾರಿಯೇ ಆಟ.

ಜನ ಫ್ಲಷ್ ಹಿಂದೆ ಬೀಳುತ್ತಾರೆ, ನಾನೂ ಬೀಳುತ್ತಿದ್ದೆ. ಈಗ ನನಗೆ ಇಷ್ಟ ಎಲೆ ಇಳಿಸದೆ ಗೆಲ್ಲುವುದು. ಬ್ಯಾರನ್ ಅನ್ನುವ ಜೋಕರ್ ಇದೆ, ಕೈಯಲ್ಲೇ ಉಳಿದ ಒಂದೊಂದು ರಾಜನಿಗೂ ಗುಣಕವನ್ನು ಒಂದೂವರೆ ಪಟ್ಟು ಮಾಡುತ್ತದೆ. ಪಕ್ಕದಲ್ಲಿ ಮೈಮ್ ಇದ್ದರೆ ಅದು ಎರಡೆರಡು ಸಲ ನಡೆಯುತ್ತದೆ. ರಾಜರನ್ನು ಸಿಂಹಾಸನದಲ್ಲಿ ಕೂರಿಸಿಟ್ಟು, ಒಂದು ಜುಜುಬಿ ಎರಡನ್ನು ಇಳಿಸಿ ಲಕ್ಷ ದಾಟುವುದು ನೋಡಬೇಕು! ಆದರೂ ಐದನೆಯದು. ಬೆಳಗಿನ ಸಾಲುಗಳು ಒಂದೇ ತರ ಅಂದೆನಲ್ಲ, ಅದೇ.

ಪೀಕ್ ಆಡಿದ್ದು ನಾಲ್ಕು ಜನ ಗೆಳೆಯರು, ಎರಡು ಟೈಮ್ ಝೋನ್. ಜೂನ್‌ನಲ್ಲಿ ಬಂತು, ತುಂಬಾ ಅಗ್ಗ, ಬೆಟ್ಟ ಹತ್ತುವುದು ಬಿಟ್ಟರೆ ಇನ್ನೇನೂ ಇಲ್ಲ. ಬೆಟ್ಟ 24 ಗಂಟೆಗೊಮ್ಮೆ ಬದಲಾಗುತ್ತದೆ. ಹಸಿವು, ಗಾಯ, ಬೆನ್ನ ಮೇಲಿನ ಭಾರ ಎಲ್ಲವೂ ನಮ್ಮ ಶಕ್ತಿ ತೋರಿಸುವ ಒಂದೇ ಗೆರೆಯನ್ನು ತಿನ್ನುತ್ತವೆ, ಉಳಿದದ್ದರಲ್ಲಿ ಹತ್ತಬೇಕು. ದೂರ ಹೋದರೆ ದನಿಯೂ ದೂರವಾಗುತ್ತದೆ, ‘ಲೋ, ಕೈ ಕೊಡೋ, ಕೈ ಕೊಡೋ’ ಅನ್ನುವ ಕೂಗು ಕೆಳಗೆ ಕೆಳಗೆ ಇಳಿಯುತ್ತಾ ಹೋಗುವುದು ಕೇಳಿಯೇ ಯಾರೋ ಬಿದ್ದರು ಅಂತ ಗೊತ್ತಾಗುತ್ತದೆ. ತೀರಾ ಹಸಿದವನ ಕಣ್ಣಿಗೆ ಗೆಳೆಯರು ಹುರಿದ ಕೋಳಿಯ ತರ ಕಾಣುತ್ತಾರೆ. ನಮ್ಮಲ್ಲಿ ಒಬ್ಬ ಶುದ್ಧ ಸಸ್ಯಾಹಾರಿ, ಅವನೇ ಮೊದಲು ನನ್ನನ್ನು ತಿಂದದ್ದು. ಗೇಮ್‌ಗಿಂತ ಗೆಳೆಯರಿಗೇ ಗೀಟು ಹಾಕುತ್ತಿದ್ದೇನಾ ಅನ್ನುವ ಅನುಮಾನ ಬಂದು ಇದನ್ನು ಮೇಲೆ ಏರಿಸಲಿಲ್ಲ.

ಸ್ಪ್ಲಿಟ್ ಫಿಕ್ಷನ್ ತಂಗಿಯ ಜೊತೆ ಆಡಿದ್ದು. ಅವಳು ಪುಣೆಯಲ್ಲಿ, ನಾನು ಬೆಂಗಳೂರಿನಲ್ಲಿ, ಒಬ್ಬರು ಕೊಂಡರೆ ಇನ್ನೊಬ್ಬರು ಫ್ರೆಂಡ್ಸ್ ಪಾಸ್‌ನಲ್ಲಿ ಪುಕ್ಕಟೆ ಸೇರಿಕೊಳ್ಳಬಹುದು. ಇಬ್ಬರು ಲೇಖಕಿಯರು ತಮ್ಮದೇ ಕತೆಗಳೊಳಗೆ ಸಿಕ್ಕಿಕೊಳ್ಳುತ್ತಾರೆ, ಒಮ್ಮೆ ವಿಜ್ಞಾನದ ಲೋಕ, ಒಮ್ಮೆ ಮಾಯಾಲೋಕ. ಕತೆ ಸಾಧಾರಣ. ಒಂದು ಉಪಕತೆಯಲ್ಲಿ ನಾವಿಬ್ಬರೂ ಹಂದಿಗಳು, ಕುಣಿದಾಡಿಕೊಂಡು ಇದ್ದವರು ಕೊನೆಗೆ ಸಾಸೇಜ್ ಆಗಿ ಹೊರಬರುತ್ತೇವೆ, ತಂಗಿ ‘ಅಣ್ಣಾ, ಇದೇನೋ ಇದು’ ಅಂತ ಕಿರುಚಿದ್ದು ನೆನಪಿದೆ. ಆಡುವಾಗ ಇಷ್ಟು ಖುಷಿ ಕೊಟ್ಟ ಗೇಮ್ ಇನ್ನೊಂದಿಲ್ಲ, ಮರುದಿನ ನೆನಪಾಗುತ್ತಿದ್ದದ್ದು ಮಾತ್ರ ತಂಗಿಯ ಕಿರುಚಾಟ.

ಹೇಡೀಸ್ 2 ಕೊನೆಯಲ್ಲಿ ಇರುವುದಕ್ಕೆ ಬೇಸರವಿದೆ. ಸೆಪ್ಟೆಂಬರ್ 25ಕ್ಕೆ ಪೂರ್ತಿಯಾಗಿ ಬಂತು, ಕೈಗೆ ಇಷ್ಟು ಹಿತವಾದ ಗೇಮ್ ಈ ಪಟ್ಟಿಯಲ್ಲಿ ಬೇರೆ ಇಲ್ಲ, ಪಾತಾಳಕ್ಕೆ ಇಳಿಯುವ ದಾರಿ ಒಂದು, ಮೇಲಕ್ಕೆ ಏರುವ ದಾರಿ ಇನ್ನೊಂದು, ಎರಡೂ ಚೆನ್ನ. ನೋಟಿನಲ್ಲಿ ಮಾತ್ರ ‘ಏನೂ ನೆನಪಿಲ್ಲ, ಮಜಾ ಬಂತು’ ಮತ್ತೆ ಮತ್ತೆ. ಬೇರೆ ಪ್ರಶ್ನೆ ಕೇಳಿದ್ದರೆ, ಉದಾಹರಣೆಗೆ ದಣಿದು ಬಂದ ರಾತ್ರಿ ಯಾವುದನ್ನು ತೆರೆಯುತ್ತೀಯಾ ಅಂತ, ಪಟ್ಟಿ ತಲೆಕೆಳಗಾಗಿ ಇದೇ ಮೊದಲು ಬರುತ್ತಿತ್ತೋ ಏನೋ.

ಪಟ್ಟಿಗೇ ಸೇರಿಸದೆ ಬಿಟ್ಟಿದ್ದು ಎರಡು. ಫೋನಿನಲ್ಲಿ ಗುಂಡು ಹಾರಿಸುವ ಗೇಮ್ ಬಿಜಿಎಂಐಯನ್ನು ತಮ್ಮಂದಿರ ಒತ್ತಾಯಕ್ಕೆ ಆಡುತ್ತೇನೆ, ಅದಕ್ಕೆ ಕೊನೆ ಅನ್ನುವುದಿಲ್ಲ, ಹಾಗಾಗಿ ಮುಗಿಸಿದೆ ಅಂತ ಹೇಳೋಕೆ ಬರೋದಿಲ್ಲ. ಇನ್ನೊಂದು ಕಿಂಗ್‌ಡಮ್ ಕಮ್ ಡೆಲಿವರೆನ್ಸ್ 2, ಫೆಬ್ರವರಿಯಲ್ಲೇ ಬಂದಿತ್ತು, ನಾನು ಶುರು ಮಾಡಿದ್ದು ವರ್ಷದ ಕೊನೆಗೆ. 1403ರ ಬೊಹೀಮಿಯಾ, ಕಮ್ಮಾರನ ಮನೆಯಲ್ಲಿ ಬೆಳೆದ ಹೆನ್ರಿ, ಬಟ್ಟೆ ಒಗೆಯದೆ ಹೋದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ, ಬೇಕಾದ ಕಡೆ ಸೇವ್ ಮಾಡಬೇಕೆಂದರೆ ಒಂದು ಬಾಟಲಿ ಸಾರಾಯಿ ಕುಡಿಯಬೇಕು. ಇನ್ನೂ ಅರ್ಧ ದಾರಿಯೂ ಆಗಿಲ್ಲ. ಆದರೆ ಹೊಸ ವರ್ಷಕ್ಕೆ ತೆರೆದ ನೋಟಿನಲ್ಲಿ ಈಗಿರುವ ಸಾಲುಗಳೆಲ್ಲ ಅದರವೇ, ಮುಂದಿನ ಪಟ್ಟಿಯಲ್ಲಿ ಅದು ಎಲ್ಲಿ ನಿಲ್ಲುತ್ತದೆ ಅಂತ ಗುಂಪಿನಲ್ಲಿ ಈಗಲೇ ಬಾಜಿ ಕಟ್ಟಿಕೊಂಡಿದ್ದಾರೆ, ಸೋತವರು ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆ ಕೊಡಿಸಬೇಕು.